ಮೂರು ಸಂಘ, ಒಂದೇ ಮೂವತ್ತು ಲಕ್ಷ

ದೇವರಾಜ ಮೊಹಲ್ಲಾ, ಮೈಸೂರು
21 ಏಪ್ರಿಲ್ 2025

ಜವರಪ್ಪನವರಿಗೆ ಅಲಮೇಲುವಿನ ನಮಸ್ಕಾರಗಳು.

ನಮ್ಮ ಪತ್ತಿನ ಸಂಘದ ಲೆಟರ್‌ಹೆಡ್ ಬಿಟ್ಟು ಬಿಳಿ ಹಾಳೆಯಲ್ಲಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಹೋದ ವರ್ಷ ನಾನು ಫೋನಿನಲ್ಲಿ ನಿಮಗೆ ಶ್ರೀರಾಂಪುರದ ಸಂಘದ ಕಡೆ ಹಣ ಸ್ವಲ್ಪ ಬಿಗಿ ಇದೆ ಎಂದದ್ದನ್ನು ಕೌಂಟರಿನ ಆಚೆ ಯಾರೋ ಕೇಳಿಸಿಕೊಂಡು, ಸಂಜೆಯೊಳಗೆ ಮಾರ್ಕೆಟ್ಟಿನ ಅರ್ಧ ಜನ ಠೇವಣಿ ರಸೀದಿ ಹಿಡಿದು ನಮ್ಮ ಮೆಟ್ಟಿಲ ಮೇಲೆ ನಿಂತಿದ್ದರಲ್ಲ. ಅಂದಿನಿಂದ ಸಂಘ ಸಂಘಗಳ ಮಾತೆಲ್ಲ ಕಾಗದದಲ್ಲೇ ಆಗಬೇಕೆಂದು ನಿಮ್ಮ ಮಂಡಳಿಯೂ ನಮ್ಮ ಮಂಡಳಿಯೂ ತೀರ್ಮಾನಿಸಿವೆ. ಮನೆಯಿಂದಾದರೂ ಮಾತಾಡೋಣವೆಂದು ಫೋನು ಮಾಡಿದರೆ ನೀವು ನಿಯಮ ಅಂದ್ರೆ ನಿಯಮ ಮೇಡಂ ಎಂದು ಇಟ್ಟುಬಿಡುತ್ತೀರಿ. ತರಬೇತಿ ಕೇಂದ್ರದ ಒಂದೇ ಬೆಂಚಿನಲ್ಲಿ ಕೂತು ಲೆಕ್ಕ ಕಲಿತ ದಿನದಿಂದ ನೀವು ಹೀಗೇ. ಮೂವತ್ತು ವರ್ಷವಾದರೂ ಗೆರೆ ದಾಟಿದ್ದು ನೋಡಲಿಲ್ಲ.

ವಿಷಯಕ್ಕೆ ಬರುತ್ತೇನೆ. ನಿಮ್ಮ ಮಂಡಳಿಯವರೂ ಓದಬಹುದೆಂದು ಮೊದಲಿಂದ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಮಾರ್ಚ್ ಮೂವತ್ತೊಂದರಂದು ನಾವು ಮೂರು ಸಂಘದವರು ಒಂದು ಘನಕಾರ್ಯ ಮಾಡಿದೆವು. ಆಡಿಟ್ಟಿನಲ್ಲಿ 'ಎ' ದರ್ಜೆ ಬೇಕು, ಅದಕ್ಕೆ ಠೇವಣಿ ಏರಿದ್ದು ಕಾಣಬೇಕು. ಬೆಳಿಗ್ಗೆ ನಮ್ಮ ಸಂಘ ಮೂವತ್ತು ಲಕ್ಷವನ್ನು ಶ್ರೀರಾಂಪುರದ ನವನಿಧಿ ಸಂಘದಲ್ಲಿ ಠೇವಣಿ ಇಟ್ಟಿತು. ಮಧ್ಯಾಹ್ನ ಅವರು ಅದನ್ನೇ ಇಲವಾಲದ ನಿಮ್ಮ ಹೊಸಹೆಜ್ಜೆ ಸಂಘದಲ್ಲಿ ಇಟ್ಟರು. ಸಂಜೆ ನಾಲ್ಕಕ್ಕೆ ನೀವು ಅದನ್ನೇ ತಂದು ನಮ್ಮಲ್ಲಿಟ್ಟಿರಿ. ದುಡ್ಡು ಒಂದು ದಿನ ಊರು ಸುತ್ತಿ ಮನೆಗೆ ಬಂತು, ಮೂರು ಸಂಘದ ಪುಸ್ತಕದಲ್ಲೂ ಠೇವಣಿ ಮೂವತ್ತು ಲಕ್ಷ ಏರಿತು. ಉಪಾಯ ನನ್ನದೇ, ಒಪ್ಪುತ್ತೇನೆ. ಆಗ ಬಹಳ ಜಾಣೆ ಅನ್ನಿಸಿಕೊಂಡೆ.

ಈಗ ನೋಡಿ. ನವನಿಧಿಯ ಅಧ್ಯಕ್ಷ ಯೋಗೇಂದ್ರ ತನ್ನ ಸದಸ್ಯರ ಹಣವನ್ನೆಲ್ಲ ಒಂದು ಬಡಾವಣೆಗೆ ಸುರಿದಿದ್ದಾನೆ, ಸೈಟು ಹೋಗುತ್ತಿಲ್ಲ. ವರ್ಷ ವರ್ಷ ಬೇರೆ ಬೇರೆ ದಿನ ನವೀಕರಿಸುತ್ತ ಬಂದ ನಮ್ಮ ರಸೀದಿಗಳ ಅವಧಿ ಒಂದಾದ ಮೇಲೊಂದು ಮುಗಿಯುತ್ತದೆ. ನೀವು ನವನಿಧಿಗೆ ಕೊಡಬೇಕಾದ್ದು ಜೂನ್ ಎರಡಕ್ಕೆ. ನಾವು ನಿಮಗೆ ಹನ್ನೆರಡಕ್ಕೆ. ನವನಿಧಿ ನಮಗೆ ಇಪ್ಪತ್ತಕ್ಕೆ. ನೀವು ಕೊಟ್ಟ ದುಡ್ಡು ಯೋಗೇಂದ್ರನ ಗುಂಡಿಗೆ ಬಿದ್ದರೆ ಇಪ್ಪತ್ತನೇ ತಾರೀಕು ನಮಗೆ ಬರುವುದು ಬರೀ ಗಾಳಿ.

ಅದಕ್ಕೆ ಒಂದೇ ದಾರಿ. ಮೂರು ಸಂಘದವರೂ ಒಂದು ಮೇಜಿಗೆ ಕೂತು ಮೂರು ರಸೀದಿಗಳನ್ನೂ ಒಟ್ಟಿಗೆ ರದ್ದು ಮಾಡಿಬಿಡೋಣ. ಯಾರೂ ಯಾರಿಗೂ ಒಂದು ರೂಪಾಯಿ ಬಿಚ್ಚಬೇಕಾಗಿಲ್ಲ, ಬಡ್ಡಿಯೂ ಬಡ್ಡಿಗೆ ಸರಿ. ದರ್ಜೆ 'ಬಿ'ಗೆ ಇಳಿದರೆ ಇಳಿಯಲಿ. ಹತ್ತು ನಿಮಿಷದ ಕೆಲಸ. ಅಲ್ಲಿಯವರೆಗೆ ನೀವು ಮಾತ್ರ ಕೈ ಬಿಚ್ಚಬೇಡಿ.

ಅಲಮೇಲು


ಇಲವಾಲ
28 ಏಪ್ರಿಲ್ 2025

ಅಲಮೇಲು ಮೇಡಂ ಅವರಿಗೆ ಜವರಪ್ಪ ಮಾಡುವ ನಮಸ್ಕಾರ.

ಕಾಗದ ಬಂತು. ಬಿಳಿ ಹಾಳೆಯಾದರೂ ಆವಕ ಪುಸ್ತಕದಲ್ಲಿ ನಂಬರು ಹಾಕಿಯೇ ಒಳಗಿಟ್ಟೆ, ಬೈದುಕೊಳ್ಳಿ.

ನೀವು ಹೇಳಿದ್ದು ಸರಿ ಇದೆ. ಮೇಜು ಎಲ್ಲಿ, ಎಷ್ಟು ಗಂಟೆಗೆ ಎಂದು ತಿಳಿಸಿ, ಮೂರು ಜನ ನಿರ್ದೇಶಕರನ್ನು ಕರೆದುಕೊಂಡು ಬರುತ್ತೇನೆ. ದರ್ಜೆ ಇಳಿಯುವುದು ಮಾತ್ರ ನನಗೆ ನಿಮ್ಮಷ್ಟು ಸಲೀಸಾಗಿ ನುಂಗುವ ತುತ್ತಲ್ಲ. ಹದಿನೆಂಟು ವರ್ಷದ ಹಿಂದೆ ಇಲ್ಲಿ ನಮ್ಮ ಕೇರಿಯವರು ಸಾಲಕ್ಕೆ ಹೋದರೆ ಜಾಮೀನು ಯಾರು ಎಂದು ಕೇಳಿ ವಾಪಸು ಕಳಿಸುತ್ತಿದ್ದರು. ನಾವೇ ಸಂಘ ಮಾಡಿಕೊಂಡಾಗ ಆರು ತಿಂಗಳಲ್ಲಿ ಬೀಗ ಬೀಳುತ್ತದೆ ಎಂದು ಬಸ್‌ಸ್ಟಾಪಿನ ಹೋಟೆಲಿನಲ್ಲಿ ಪಂದ್ಯ ಕಟ್ಟಿದ್ದರು. ಬೀಗ ಬೀಳಲಿಲ್ಲ. ಯಾರ ಹಣವನ್ನೂ ಒಂದು ದಿನ ತಡ ಮಾಡಿ ಕೊಟ್ಟವರಲ್ಲ ನಾವು. ಅದೊಂದೇ ನಮ್ಮ ಆಸ್ತಿ.

ಇನ್ನೊಂದು ಮಾತು. ನಿಮ್ಮ ಸಂಘಕ್ಕೆ ಮೂವತ್ತು ಲಕ್ಷ ಎಂದರೆ ಒಂದು ಬೆರಳು. ನನ್ನ ಹತ್ತಿರ ಮುನ್ನೂರ ನಲವತ್ತು ಜನ ಸದಸ್ಯರದ್ದು, ದಿನಕ್ಕೆ ಹತ್ತು ಇಪ್ಪತ್ತು ಪಿಗ್ಮಿ ಕಟ್ಟಿದ್ದು, ಎಲ್ಲ ಸೇರಿ ಕೈಯಲ್ಲಿರುವ ನಗದು ನಲವತ್ತೊಂದು ಲಕ್ಷ. ಹಾಗೇನಾದರೂ ಯೋಗೇಂದ್ರ ಮೇಜಿಗೆ ಬರದೆ, ನಾನು ಎರಡನೇ ತಾರೀಕು ಅವನ ಹಣ ಕೊಟ್ಟೆ ಎಂದಿಟ್ಟುಕೊಳ್ಳಿ. ಹನ್ನೆರಡಕ್ಕೆ ನೀವು ನಮಗೆ ಕೊಡುತ್ತೀರಿ ತಾನೆ? ಒಂದು ಸಾಲು ಬರೆದುಬಿಡಿ, ಅಷ್ಟು ಸಾಕು.

ಜವರಪ್ಪ


ದೇವರಾಜ ಮೊಹಲ್ಲಾ
9 ಮೇ 2025

ಜವರಪ್ಪನವರಿಗೆ,

ತಲೆ ಚಚ್ಚಿಕೊಳ್ಳುವಂತಾಗಿದೆ. ನೀವು ಬರುವ ಮೊದಲು ಆ ಪುಣ್ಯಾತ್ಮನನ್ನು ನಾನೊಬ್ಬಳೇ ಒಪ್ಪಿಸಿ ನೋಡೋಣವೆಂದು ಹೋಟೆಲಿಗೆ ಕರೆದಿದ್ದೆ. ಹನ್ನೊಂದಕ್ಕೆ ಎಂದವನು ಹನ್ನೆರಡೂವರೆಗೆ ಬಂದ. ಎರಡು ಪ್ಲೇಟು ಸೆಟ್ ದೋಸೆ ತಿಂದ. ಬಡಾವಣೆಯ ನಕ್ಷೆ ಬಿಚ್ಚಿ ನನಗೇ ಒಂದು ಮೂಲೆ ಸೈಟು ತೆಗೆದುಕೊಳ್ಳಿ ಎಂದ. ರಸೀದಿ ರದ್ದು ಮಾಡುವ ಮಾತೆತ್ತಿದ ತಕ್ಷಣ ನಗುತ್ತಾ ಹೇಳಿದ: "ಹರಿಯೋದು ಯಾಕೆ ಮೇಡಂ? ನಂದು ಮೊದ್ಲು ಹಣ್ಣಾಗಿದೆ, ನಾನು ಕಿತ್ಕೋತೀನಿ. ನಿಮ್ದು ಹಣ್ಣಾದಾಗ ನೋಡಣ."

ಅವನ ಲೆಕ್ಕ ಅವನಿಗೆ ಗೊತ್ತಿದೆ ಜವರಪ್ಪನವರೇ. ಸುಳ್ಳು ಮೂವತ್ತು ಲಕ್ಷವನ್ನು ನಿಮ್ಮ ಕೈಯಿಂದ ನಿಜವಾದ ಮೂವತ್ತು ಲಕ್ಷ ಮಾಡಿಕೊಳ್ಳುವುದು. ನಮ್ಮ ಮಂಡಳಿಗೆ ಬಂದು ಹೇಳಿದರೆ ಅವರು, ನವನಿಧಿಯವರು ಮೊದಲು ಸಹಿ ಹಾಕಲಿ, ಆಮೇಲೆ ನಾವು ಎನ್ನುತ್ತಾರೆ. ನವನಿಧಿಯ ಇನ್ನಿಬ್ಬರು ನಿರ್ದೇಶಕರನ್ನು ಹಿಡಿದರೆ ಅವರು, ದೊಡ್ಡ ಸಂಘ ನಿಮ್ಮದು, ನೀವು ಮೊದಲು ಎನ್ನುತ್ತಾರೆ. ಹುಚ್ಚು ಬಿಡುವವರೆಗೂ ಮದುವೆಯಾಗಲ್ಲ, ಮದುವೆಯಾಗುವವರೆಗೂ ಹುಚ್ಚು ಬಿಡಲ್ಲ. ಹತ್ತು ನಿಮಿಷದ ಕೆಲಸಕ್ಕೆ ಮೂರು ವಾರ ಅಲೆದೆ. ನಮ್ಮ ಮೆಟ್ಟಿಲು ಹತ್ತಿ ಇಳಿದು ಮಂಡಿ ನೋವು ಬಂದದ್ದಷ್ಟೇ ಲಾಭ.

ಮುಂದಿನ ವಾರ ಇನ್ನೊಮ್ಮೆ ನೋಡುತ್ತೇನೆ. ನೀವು ಗಟ್ಟಿಯಾಗಿರಿ.

ಅಲಮೇಲು


ಇಲವಾಲ
16 ಮೇ 2025

ಮೇಡಂ ಅವರಿಗೆ ನಮಸ್ಕಾರ.

ಎರಡು ಹಾಳೆ ಬರೆದಿರಿ. ಅವನು ತಿಂದ ದೋಸೆ ಎಷ್ಟು ಅನ್ನುವುದೂ ಬಂತು. ನಾನು ಕೇಳಿದ ಒಂದು ಸಾಲು ಬರಲಿಲ್ಲ.

ಎರಡು ದಿನ ಅದೇ ಕೊರೆಯುತ್ತಿತ್ತು. ಆಮೇಲೆ ನನಗೇ ನಾಚಿಕೆಯಾಯಿತು. ನಿಮ್ಮಂಥವರನ್ನು ಕೊಡುತ್ತೀರಾ ಎಂದು ಕೇಳಿದ್ದೇ ತಪ್ಪು. ಕೊಡುವವರನ್ನು ಕೊಡುತ್ತೀರಾ ಎಂದು ಕೇಳಿದರೆ ಯಾರಿಗಾದರೂ ಬೇಸರವಾಗುತ್ತದೆ, ಅದಕ್ಕೇ ಸುಮ್ಮನಾದಿರಿ ಎಂದುಕೊಂಡೆ. ಕೇಳಿದ್ದನ್ನು ಮರೆತುಬಿಡಿ.

ನವನಿಧಿಯಿಂದ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಬಂದಿದೆ. ಅವಧಿ ಮುಗಿದ ದಿನವೇ ಹಣ ಬೇಕಂತೆ. ನಮ್ಮ ಮಂಡಳಿಗೆ ಓದಿ ಹೇಳಿದೆ. ಎಲ್ಲರೂ ನಿನಗೆ ಹೇಗೆ ತೋರುತ್ತದೋ ಹಾಗೆ ಮಾಡು ಎಂದರು. ಇಂಥ ಹೊತ್ತಲ್ಲಿ ಜನ ನಮ್ಮ ಮೇಲೆ ಬಿಡುವುದು ನಂಬಿಕೆಯೋ ಭಾರವೋ ತಿಳಿಯುವುದಿಲ್ಲ.

ಜವರಪ್ಪ


ದೇವರಾಜ ಮೊಹಲ್ಲಾ
26 ಮೇ 2025

ಜವರಪ್ಪನವರೇ,

ದಯವಿಟ್ಟು ಎರಡನೇ ತಾರೀಕು ಕೊಡಬೇಡಿ. ಪರಿಶೀಲಿಸುತ್ತಿದ್ದೇವೆ ಎಂದು ಒಂದು ಪತ್ರ ಎಸೆಯಿರಿ. ಆಡಿಟರ್ ಬಂದಿದ್ದಾರೆ ಎನ್ನಿ, ನಿಮ್ಮ ಅಧ್ಯಕ್ಷರಿಗೆ ಹುಷಾರಿಲ್ಲ ಎನ್ನಿ, ಚೆಕ್ ಪುಸ್ತಕ ಮುಗಿದಿದೆ ಎನ್ನಿ, ಏನಾದರೂ ಹೇಳಿ. ಅವನು ಕೋರ್ಟಿಗೆ ಹೋಗುತ್ತೇನೆ ಎಂದರೆ ಹೋಗಲಿ. ಹೋಗುವುದಿಲ್ಲ. ಹೋದರೆ ಅವನ ಪುಸ್ತಕವೇ ಹೊರಗೆ ಬರುತ್ತದೆ. ನೀವು ಇಪ್ಪತ್ತು ದಿನ ತಡೆದರೆ ಸಾಕು, ಅವನು ತಾನಾಗಿ ಮೇಜಿಗೆ ಬರುತ್ತಾನೆ.

ಕಾರಣ ಕೇಳಬೇಡಿ. ಮೂವತ್ತು ವರ್ಷದ ಪರಿಚಯಕ್ಕೆ ಬೆಲೆ ಕೊಟ್ಟು ನಾನು ಹೇಳಿದ್ದನ್ನು ಮಾಡಿ.

ಅಲಮೇಲು


ಇಲವಾಲ
3 ಜೂನ್ 2025

ಮೇಡಂ,

ನಿನ್ನೆ ಬೆಳಿಗ್ಗೆ ಹತ್ತೂವರೆಗೆ ನವನಿಧಿಯ ಮೂವತ್ತು ಲಕ್ಷವನ್ನೂ ಈ ವರ್ಷದ ಬಡ್ಡಿಯನ್ನೂ ಅವರ ಖಾತೆಗೆ ಕಳಿಸಿದೆ. ರಸೀದಿ ವಾಪಸು ಪಡೆದೆ.

ನಿಮ್ಮ ಕಾಗದ ಓದಿ ನನಗೆ ಆದ ಬೇಸರವನ್ನು ಮುಚ್ಚಿಡುವುದಿಲ್ಲ. ಚೆಕ್ ಪುಸ್ತಕ ಮುಗಿದಿದೆ ಅನ್ನಿ, ಹುಷಾರಿಲ್ಲ ಅನ್ನಿ. ಈ ಪಾಠವನ್ನು ನನಗೆ ಹೇಳಿಕೊಡಲು ಊರಲ್ಲಿ ಬೇಕಾದಷ್ಟು ಜನ ಇದ್ದರು, ನಿಮ್ಮಿಂದ ಕೇಳಬೇಕಾಗಿ ಬಂತಲ್ಲ. ನಿಮ್ಮ ತಾತ ಅರಮನೆಯ ಖಜಾನೆಯಲ್ಲಿ ಗುಮಾಸ್ತರಾಗಿದ್ದವರು. ನಿಮ್ಮ ಮನೆಯವರು ನಾಳೆ ಬನ್ನಿ ಎಂದರೆ ಜನ ನಾಳೆ ಬರುತ್ತಾರೆ. ನಾವು ನಾಳೆ ಬನ್ನಿ ಎಂದರೆ, ನೋಡಿದಿರಾ, ನುಂಗಿಬಿಟ್ಟರು ಎನ್ನುತ್ತಾರೆ. ಈ ವ್ಯತ್ಯಾಸ ನಿಮಗೆ ಗೊತ್ತಿದೆ ಎಂದುಕೊಂಡಿದ್ದೆ.

ಹನ್ನೆರಡನೇ ತಾರೀಕು ಬೆಳಿಗ್ಗೆ ನಮ್ಮ ಕ್ಯಾಷಿಯರ್ ಕೀರ್ತಿ ನಿಮ್ಮಲ್ಲಿರುವ ನಮ್ಮ ಠೇವಣಿಯ ರಸೀದಿ ಹಿಡಿದು ಬರುತ್ತಾಳೆ.

ಜವರಪ್ಪ


ಉಲ್ಲೇಖ ಸಂಖ್ಯೆ: ಠೇ/118/2025-26
ದೇವರಾಜ ಮೊಹಲ್ಲಾ, ಮೈಸೂರು
13 ಜೂನ್ 2025

ಕಾರ್ಯದರ್ಶಿಗಳು,
ಹೊಸಹೆಜ್ಜೆ ಪತ್ತಿನ ಸಹಕಾರ ಸಂಘ, ಇಲವಾಲ

ಮಾನ್ಯರೇ,

ತಮ್ಮ ಸಂಘದ ಮೂವತ್ತು ಲಕ್ಷ ರೂಪಾಯಿ ಠೇವಣಿಯ ಮರುಪಾವತಿ ಕೋರಿ ಸಲ್ಲಿಸಿರುವ ರಸೀದಿಯನ್ನು ಸ್ವೀಕರಿಸಲಾಗಿದೆ. ವಿಷಯವು ಆಡಳಿತ ಮಂಡಳಿಯ ಪರಿಶೀಲನೆಯಲ್ಲಿದ್ದು, ತೀರ್ಮಾನವನ್ನು ಯಥಾಕಾಲದಲ್ಲಿ ತಿಳಿಸಲಾಗುವುದು.

ತಮ್ಮ ವಿಶ್ವಾಸಿ,
ಅಲಮೇಲು
ಮುಖ್ಯ ಕಾರ್ಯನಿರ್ವಾಹಕರು


ಇಲವಾಲ
24 ಜೂನ್ 2025

ಮಾನ್ಯ ಮುಖ್ಯ ಕಾರ್ಯನಿರ್ವಾಹಕರಿಗೆ,

ಯಥಾಕಾಲ ಎಂದರೆ ಯಾವ ಕಾಲ ಎಂದು ಕೇಳಿ ಹದಿನಾರನೇ ತಾರೀಕು ಒಂದು ಪತ್ರ ಬರೆದೆ. ಹತ್ತೊಂಬತ್ತಕ್ಕೆ ಇನ್ನೊಂದು. ಉತ್ತರವಿಲ್ಲ. ನಿನ್ನೆ ನಾನೇ ಬಂದೆ. ನಿಮ್ಮ ಕೋಣೆಯ ಬಾಗಿಲು ಮುಚ್ಚಿತ್ತು. ಮೇಡಂ ಮೀಟಿಂಗಿನಲ್ಲಿದ್ದಾರೆ ಎಂದರು. ಕೆಳಗೆ ನಿಮ್ಮ ಸ್ಕೂಟರ್ ಇತ್ತು, ಬಾಗಿಲ ಸಂದಿಯಲ್ಲಿ ಫ್ಯಾನು ತಿರುಗುವುದು ಕಾಣುತ್ತಿತ್ತು. ಒಂದೂವರೆ ಗಂಟೆ ಕೂತು ಬಸ್ಸು ಹತ್ತಿದೆ.

ನವನಿಧಿಯವರು ಇಪ್ಪತ್ತೊಂದಕ್ಕೆ ಷಟರ್ ಎಳೆದ ಸುದ್ದಿ ನಿಮಗೆ ನನಗಿಂತ ಮೊದಲು ಬಂದಿರಬೇಕು. ಇಲ್ಲಿಗೆ ಮಧ್ಯಾಹ್ನ ಬಂತು. ಅವತ್ತೇ ನಮ್ಮ ಮುಂದೆ ಸಾಲು. ನನ್ನ ಹತ್ತಿರ ಉಳಿದ ನಗದು ಎಂಟು ಲಕ್ಷದ ಚಿಲ್ಲರೆ. ವಾರಕ್ಕೆ ತಲೆಗೆ ಐನೂರು ಎಂದು ಬೋರ್ಡು ಬರೆದು ಹಾಕಿದೆ. ನನ್ನ ಕೈಯಾರೆ ಬರೆದೆ. ಪುಟ್ಟಲಿಂಗಮ್ಮನವರು ನಮ್ಮ ಸಂಘದ ಒಂದನೇ ನಂಬರಿನ ಸದಸ್ಯೆ, ಹೂಟಗಳ್ಳಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದು ಹದಿನೆಂಟು ವರ್ಷ ಕಟ್ಟಿದವರು. ಮಗಳಿಗೆ ನರ್ಸಿಂಗ್ ಫೀಸು ಕಟ್ಟಲು ಬಂದು ಐನೂರರ ಒಂದು ನೋಟು ತೆಗೆದುಕೊಂಡು ಹೋದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿಮಗೆ ಹೇಳದೆ ಇಟ್ಟುಕೊಂಡಿದ್ದ ಒಂದು ಮಾತನ್ನು ಈಗ ಹೇಳುತ್ತೇನೆ. ಮೇ ಮೂವತ್ತಕ್ಕೆ ಯೋಗೇಂದ್ರ ಇಬ್ಬರನ್ನು ಕಟ್ಟಿಕೊಂಡು ಇಲ್ಲಿಗೆ ಬಂದಿದ್ದ. ನಿಮ್ಮ ಮಾತು ಕೇಳಿ, ಇಪ್ಪತ್ತು ದಿನ ಕೊಡಿ ಸಾರ್, ಎಂದು ನಾನು ಕೇಳಿಯೂ ಕೇಳಿದೆ. ಹೌದು, ಕೇಳಿದೆ. ಪಿಗ್ಮಿ ಕಟ್ಟಲು ಬಂದ ಹೆಂಗಸರು ಹತ್ತು ಹನ್ನೆರಡು ಜನ ನಿಂತಿದ್ದರು. ಅವರ ಮುಂದೆ ಅವನು, "ನಿಮ್ಮೋರ ಸಂಘದಲ್ಲಿ ದುಡ್ಡಿಡ್ಬೇಡ ಅಂತ ಆವತ್ತೇ ಎಲ್ರೂ ಹೇಳಿದ್ರು ಕಣ್ರೀ, ನಾನೇ ಕೇಳ್ಲಿಲ್ಲ" ಎಂದ. ಅಲ್ಲಿಗೆ ಮುಗಿಯಿತು. ಎರಡನೇ ತಾರೀಕು ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಮೊದಲ ಕೆಲಸ ಅವನದೇ ಮಾಡಿದೆ. ಮಾಡುವಾಗ ನಿಮ್ಮ ಹನ್ನೆರಡನೇ ತಾರೀಕನ್ನು ನಂಬಿಕೊಂಡೇ ಮಾಡಿದೆ.

ಈಗ ಹೇಳಿ. ನಮ್ಮ ದುಡ್ಡು ಎಲ್ಲಿ?

ಜವರಪ್ಪ
ಕಾರ್ಯದರ್ಶಿ


ಚಾಮುಂಡಿಪುರಂ, ಮೈಸೂರು
5 ಜುಲೈ 2025

ಜವರಪ್ಪನವರಿಗೆ,

ಮನೆಯಿಂದ ಬರೆಯುತ್ತಿದ್ದೇನೆ, ಉತ್ತರವನ್ನೂ ಮನೆಗೇ ಬರೆಯಿರಿ. ನೀವು ಬಂದ ದಿನ ನಾನು ಒಳಗೇ ಇದ್ದೆ. ಮೀಟಿಂಗು ಇರಲಿಲ್ಲ. ನಿಮ್ಮ ಧ್ವನಿ ಕೇಳುತ್ತಿತ್ತು. ಏಳಲು ಆಗಲಿಲ್ಲ.

ಇದರೊಂದಿಗೆ ನಮ್ಮ ಸಭಾ ನಡವಳಿ ಪುಸ್ತಕದ ಒಂದು ಪುಟದ ದೃಢೀಕೃತ ನಕಲು ಇದೆ. ನವನಿಧಿಯಿಂದ ನಮ್ಮ ಹಣ ಬರುವವರೆಗೂ ಇಲವಾಲದ ಸಂಘಕ್ಕೆ ಮರುಪಾವತಿ ಮಾಡತಕ್ಕದ್ದಲ್ಲ, ಈ ನಿರ್ಣಯವನ್ನು ಗೋಪ್ಯವಾಗಿ ಇಡತಕ್ಕದ್ದು ಎಂದು ಬರೆದಿದೆ. ಒಂದು ಸಂಘದ ಸಾಲಕ್ಕೂ ಇನ್ನೊಂದು ಸಂಘದ ರಸೀದಿಗೂ ಸಂಬಂಧ ಕಟ್ಟಲು ಯಾವ ಕಾನೂನೂ ಇಲ್ಲ. ನಿಮ್ಮ ಹಣ ನಿಮ್ಮದೇ. ಇದನ್ನು ಹಿಡಿದು ಸಹಕಾರ ಇಲಾಖೆಯ ಸಹಾಯಕ ನಿಬಂಧಕರ ಹತ್ತಿರ ದಾವೆ ಹಾಕಿ. ಈ ಹಾಳೆ ಇದ್ದರೆ ಅವರಿಗೆ ಬೇರೆ ಏನೂ ಬೇಕಾಗುವುದಿಲ್ಲ. ಇದಿಲ್ಲದಿದ್ದರೆ ನಮ್ಮ ವಕೀಲರು ನಾಲ್ಕು ವರ್ಷ ಎಳೆಯುತ್ತಾರೆ.

ನಕಲು ಎಲ್ಲಿಂದ ಬಂತೆಂದು ಕೇಳಿದರೆ ನನ್ನ ಹೆಸರೇ ಹೇಳಿ. ಕೆಳಗೆ ನನ್ನ ಸಹಿ, ಮೊಹರು ಇದೆ.

ಅಲಮೇಲು


ಇಲವಾಲ
9 ಜುಲೈ 2025

ಮೇಡಂ ಅವರಿಗೆ,

ನಕಲು ಸಿಕ್ಕಿತು. ಓದಿ ಮಡಿಚಿಟ್ಟು, ಮತ್ತೆ ತೆಗೆದು ಅದರ ತಾರೀಕು ನೋಡಿದೆ. ಮೇ ಇಪ್ಪತ್ತನಾಲ್ಕು. ನೀವು ನನಗೆ, ಕೊಡಬೇಡಿ, ಕಾರಣ ಕೇಳಬೇಡಿ ಎಂದು ಬರೆದದ್ದು ಇಪ್ಪತ್ತಾರಕ್ಕೆ. ಎರಡು ದಿನ ಮೊದಲೇ ನಿಮಗೆ ಗೊತ್ತಿತ್ತು. ಹನ್ನೆರಡಕ್ಕೆ ನಾವು ಕೊಡುವುದಿಲ್ಲ ಜವರಪ್ಪ ಎಂದು ನಾಲ್ಕು ಪದ ಬರೆದಿದ್ದರೆ ಆ ಯೋಗೇಂದ್ರ ನಮ್ಮ ಬಾಗಿಲಲ್ಲಿ ಬಾಯಿ ಬಡಿದುಕೊಂಡು ಸತ್ತರೂ ನಾನು ಒಂದು ಪೈಸೆ ಬಿಚ್ಚುತ್ತಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಬಿಚ್ಚುತ್ತಿರಲಿಲ್ಲ. ನಾಲ್ಕು ಪದ ಮೇಡಂ.

ದಾವೆ ಹಾಕುತ್ತೇನೆ. ಮುನ್ನೂರ ನಲವತ್ತು ಜನರ ಹಣ, ದಾಕ್ಷಿಣ್ಯ ಮಾಡಲು ಅದು ನನ್ನದಲ್ಲ. ಆದರೆ ನಿಮ್ಮ ಹೆಸರನ್ನು ಅದರಲ್ಲಿ ಎಳೆಯಲು ಮನಸ್ಸಿಲ್ಲ. ಏಳು ಜನ ನಿರ್ದೇಶಕರು ಕೂತು ತೀರ್ಮಾನಿಸಿದರು, ಸಂಬಳದ ನೌಕರರು ನೀವು, ಹೇಳಿದ್ದನ್ನು ಬರೆದುಕೊಂಡಿರಿ. ಗೋಪ್ಯ ಎಂದಾಗ ಬಾಯಿ ಕಟ್ಟಿತು. ಅರ್ಜಿಯಲ್ಲಿ ಹಾಗೆಂದೇ ಬರೆಯುತ್ತೇನೆ, ನಿಮ್ಮ ಮೇಲೆ ಏನೂ ಕೇಳುವುದಿಲ್ಲ. ಹದಿನೆಂಟಕ್ಕೆ ಸಲ್ಲಿಸಬೇಕು. ತಪ್ಪಿದ್ದರೆ ಅಷ್ಟರೊಳಗೆ ತಿಳಿಸಿ.

ಸಿಟ್ಟು ಇದೆ. ಅದು ಬೇರೆ ಮಾತು.

ಜವರಪ್ಪ


ಚಾಮುಂಡಿಪುರಂ
14 ಜುಲೈ 2025

ಜವರಪ್ಪನವರೇ,

ಹಾಗೆ ಬರೆಯಬೇಡಿ. ಅದು ಸುಳ್ಳು.

ಆ ನಿರ್ಣಯ ಮಂಡಳಿಯದಲ್ಲ, ನನ್ನದು. ಮನೆಯಲ್ಲಿ ಕೂತು ಕರಡು ಮಾಡಿಕೊಂಡು ಹೋಗಿದ್ದೆ. ಏಳು ಜನರಲ್ಲಿ ಇಬ್ಬರು, ಇಲವಾಲದವರು ಪಾಪದವರು, ಅವರದ್ದು ಕೊಟ್ಟುಬಿಡೋಣ ಎಂದರು. ಬೇಡ ಎಂದವಳು ನಾನು. ಅರ್ಧ ಗಂಟೆ ವಾದಿಸಿ ಒಪ್ಪಿಸಿದೆ. ನನ್ನ ಲೆಕ್ಕ ಹೀಗಿತ್ತು. ಜವರಪ್ಪನವರು ತಡೆಯುತ್ತಾರೆ, ನಾವೂ ತಡೆಯುತ್ತೇವೆ, ಎರಡು ಕಡೆ ಬಾಗಿಲು ಹಾಕಿದರೆ ಯೋಗೇಂದ್ರ ಉಸಿರು ಕಟ್ಟಿ ಮೇಜಿಗೆ ಬರುತ್ತಾನೆ. ಯಾರಿಗೂ ನಷ್ಟವಿಲ್ಲ. ಕಾಗದದ ಮೇಲೆ ಒಂದು ತಪ್ಪಿರಲಿಲ್ಲ. ನಿಮ್ಮ ಜಾಗದಲ್ಲಿ ನನ್ನನ್ನೇ ಕೂರಿಸಿ ಲೆಕ್ಕ ಹಾಕಿದ್ದೆ. ನನಗೆ ಯಾರೂ ಯಾವತ್ತೂ ನಿಮ್ಮೋರು ಎಂದಿಲ್ಲವಲ್ಲ.

ನಿಮಗೇಕೆ ಹೇಳಲಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಒಂದು ರಸೀದಿಗೆ ನಾವು ಹಣ ಕೊಡುವುದಿಲ್ಲವಂತೆ ಎಂದು ಮಾರ್ಕೆಟ್ಟಿಗೆ ತಿಳಿದರೆ ಸಂಜೆಯೊಳಗೆ ನಮ್ಮ ಮೆಟ್ಟಿಲು ತುಂಬುತ್ತದೆ. ನಿಮಗೆ ತಿಳಿದರೆ ನಿಮ್ಮ ಸದಸ್ಯರು ಕೇಳುತ್ತಾರೆ, ಅವರು ಕೇಳಿದರೆ ನೀವು ಸುಳ್ಳು ಹೇಳುವುದಿಲ್ಲ. ಅದು ನನಗೆ ಗೊತ್ತಿತ್ತು. ನೀವು ಸುಳ್ಳು ಹೇಳದವರು ಎನ್ನುವುದನ್ನೇ ಅಪಾಯವೆಂದು ಲೆಕ್ಕಕ್ಕೆ ಹಿಡಿದೆ. ಆದರೆ ಹಣ ಕೊಟ್ಟುಬಿಡುತ್ತೀರಿ ಎಂದು ಮಾತ್ರ ಹೊಳೆಯಲಿಲ್ಲ. ನೋಡಿ ಎಂಥ ಜಾಣೆ ನಾನು.

ಏಪ್ರಿಲ್‌ನಲ್ಲಿ ನೀವು ಒಂದು ಸಾಲು ಕೇಳಿದಾಗ ಬೇಕೆಂದೇ ಬಿಟ್ಟೆ. ನೀವು ನನ್ನ ಮೌನಕ್ಕೆ ಒಳ್ಳೆಯ ಅರ್ಥ ಕಟ್ಟಿ ಬರೆದಾಗ ಅದನ್ನು ತಿದ್ದಲಿಲ್ಲ. ಜೂನ್ ಮೂರರ ನಿಮ್ಮ ಕಾಗದ ಬಂದಾಗ ಮೊದಲ ಕ್ಷಣ ನನಗಾದದ್ದು ದುಃಖವಲ್ಲ. ಸದ್ಯ, ನಮ್ಮ ಮೂವತ್ತು ನಮ್ಮಲ್ಲೇ ಇದೆಯಲ್ಲ ಎಂಬ ಸಮಾಧಾನ. ಅದನ್ನು ಇಲ್ಲಿ ಬರೆಯದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಅರ್ಜಿಯಲ್ಲಿ ಮೊದಲನೇ ಎದುರುದಾರರು ಎಂದು ನನ್ನ ಹೆಸರು ಬರೆಯಿರಿ. ಮಂಡಳಿಯನ್ನು ಎರಡನೆಯದಾಗಿ ಹಾಕಿ. ವಿಚಾರಣೆಯಲ್ಲಿ ಇದನ್ನೆಲ್ಲ ನಾನೇ ಒಪ್ಪಿಕೊಳ್ಳುತ್ತೇನೆ. ನಕಲು ತೆಗೆದದ್ದು ಮಂಡಳಿಗೆ ಗೊತ್ತಾಗಿ ನಿನ್ನೆಯಿಂದ ನನ್ನನ್ನು ಕೆಲಸದಿಂದ ಅಮಾನತಿನಲ್ಲಿಟ್ಟಿದ್ದಾರೆ, ಕಳೆದುಕೊಳ್ಳಲು ಹೆಚ್ಚೇನೂ ಉಳಿದಿಲ್ಲ. ಅದನ್ನು ತ್ಯಾಗ ಎಂದು ಮಾತ್ರ ತಿಳಿಯಬೇಡಿ.

ಅಲಮೇಲು


ಇಲವಾಲ
11 ಅಕ್ಟೋಬರ್ 2025

ಅಲಮೇಲು ಮೇಡಂ ಅವರಿಗೆ,

ನೀವು ಬರೆದ ಹಾಗೆಯೇ ಅರ್ಜಿ ತಿದ್ದಿದೆ, ನಿಮ್ಮ ಹೆಸರನ್ನು ಮೊದಲು ಹಾಕಿದೆ. ಸೆಪ್ಟೆಂಬರಿನ ವಿಚಾರಣೆಯಲ್ಲಿ ನೀವು ಎದ್ದು ನಿಂತು ಎಲ್ಲ ಹೇಳಿದಿರಿ. ನಿಮ್ಮ ವಕೀಲರು ನಾಲ್ಕು ಸಲ ನಿಮ್ಮ ಸೆರಗು ಎಳೆದದ್ದನ್ನು ನಾನು ನೋಡಿದೆ. ಹೊರಗೆ ಬಂದ ಮೇಲೆ ನಿಮ್ಮನ್ನು ಮಾತಾಡಿಸಲು ಎರಡು ಹೆಜ್ಜೆ ಇಟ್ಟೆ, ಆಗಲಿಲ್ಲ. ಇದನ್ನು ಬರೆಯಲೂ ಒಂದು ವಾರ ಹಿಡಿಯಿತು.

ಆದೇಶದ ಪ್ರಕಾರ ನಿಮ್ಮ ಸಂಘ ಮೂವತ್ತು ಲಕ್ಷವನ್ನೂ ಬಡ್ಡಿಯನ್ನೂ ಒಂದೇ ಕಂತಿನಲ್ಲಿ ಕಟ್ಟಿತು. ಮೂರನೇ ತಾರೀಕು ನಮ್ಮ ಖಾತೆಗೆ ಬಂತು. ನವನಿಧಿಯಿಂದ ನಿಮ್ಮವರಿಗೆ ಏನೂ ಬರುವ ಹಾಗಿಲ್ಲ ಎಂದು ಕೇಳಿದೆ. ಯೋಗೇಂದ್ರ ಮೊನ್ನೆ ಬಡಾವಣೆಗೆ ಕಾಂಪೌಂಡು ಕಟ್ಟಿಸುತ್ತಿದ್ದನಂತೆ.

ಹಣ ಬಂದ ಮೇಲಿನ ಸೋಮವಾರ ಬೋರ್ಡು ಇಳಿಸಿ, ಯಾರಿಗೆ ಎಷ್ಟು ಬೇಕೋ ಅಷ್ಟು ತೆಗೆದುಕೊಳ್ಳಬಹುದು ಎಂದು ಹೇಳಿಸಿದೆ. ದುಡ್ಡು ಇದೆ ಎಂದು ಗೊತ್ತಾದ ಮೇಲೆ ಯಾರೂ ತೆಗೆಯುವುದಿಲ್ಲ ಎಂದು ನನ್ನ ಲೆಕ್ಕ. ನಿಮ್ಮ ಹತ್ತಿರ ಕಲಿತ ಲೆಕ್ಕ. ಐದು ದಿನದಲ್ಲಿ ಇನ್ನೂರ ಹನ್ನೆರಡು ಜನ ಪೂರ್ತಿ ತೆಗೆದುಕೊಂಡು ಖಾತೆ ಮುಚ್ಚಿಸಿದರು. ಯಾರೂ ಜಗಳವಾಡಲಿಲ್ಲ. ಒಬ್ಬೊಬ್ಬರೇ ಬಂದು, ಏನೂ ತಿಳ್ಕೋಬೇಡಣ್ಣ ಎಂದು ಹೇಳಿ ಸಹಿ ಮಾಡಿ ಹೋದರು. ಉಳಿದಿರುವವರು ನೂರ ಇಪ್ಪತ್ತೆಂಟು. ಸಂಘ ಇದೆ, ಷಟರ್ ತೆಗೆಯುತ್ತೇನೆ, ಮಧ್ಯಾಹ್ನದ ಹೊತ್ತು ಕೀರ್ತಿ ನಾನು ಇಬ್ಬರೇ ಕೂತಿರುತ್ತೇವೆ.

ನಿನ್ನೆ ಪುಟ್ಟಲಿಂಗಮ್ಮನವರು ಬಂದರು. ಉಳಿದವರಲ್ಲಿ ಅವರೂ ಒಬ್ಬರು ಎಂದುಕೊಂಡಿದ್ದೆ. ಪಾಸ್‌ಬುಕ್ಕು ಮೇಜಿನ ಮೇಲಿಟ್ಟು ಎಲ್ಲಾ ಕೊಟ್ಬುಡು ಎಂದರು. ನನ್ನಿಂದ ತಡೆಯಲಾಗಲಿಲ್ಲ. ಅಮ್ಮಾ, ತಪ್ಪು ಮಾಡಿದವರು ಅವರು, ಕೋರ್ಟಿನಂಥ ಕಡೆ ಒಪ್ಪಿಕೊಂಡಿದ್ದಾರೆ, ದುಡ್ಡೂ ವಾಪಸು ಬಂದಿದೆ, ನೀವೇ ಹೋದರೆ ಹೇಗೆ ಎಂದೆ. ನಿಮ್ಮ ಹೆಸರನ್ನೂ ಹೇಳಿದೆ ಮೇಡಂ, ಯೋಗೇಂದ್ರನ ಹೆಸರನ್ನೂ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡರು.

"ನೀನು ಒಂದ್ರುಪಾಯಿ ತಿಂದಿಲ್ಲ ಅಂತ ನಂಗೊತ್ತು ಕಣಪ್ಪ," ಎಂದರು. "ಆವತ್ತು ನಾನೂ ಇಲ್ಲೇ ನಿಂತಿದ್ದೆ. ಆವಯ್ಯ ಅಂದಿದ್ದು ನಿಂಗೆ ನಾಟ್ತು, ನಮ್ ದುಡ್ಡು ಎತ್ತಿ ಕೊಟ್ಬುಟ್ಟೆ. ಒಂದ್ ಮಾತು ನಮ್ಮುನ್ನ ಕೇಳ್ಬೋದಿತ್ತು. ಅನ್ನುಸ್ಕಳದು ನಮ್ಗೇನು ಹೊಸ್ದಾ ಜವರಪ್ಪ? ಅಂದ್ಕಳ್ಲಿ ಬುಡು, ದುಡ್ಡು ಇಟ್ಕೋ ಅಂತಿದ್ವಿ."

ಪಾಸ್‌ಬುಕ್ಕು ತೆರೆದು ನೋಡಿದೆ. ಎಂಬತ್ತೆರಡು ಸಾವಿರದ ನಾನೂರು ಇತ್ತು. ಎಣಿಸಿ ಕೊಟ್ಟೆ. ಅವರೂ ಒಂದು ಸಲ ಎಣಿಸಿಕೊಂಡು, ಸಹಿ ಹಾಕಿ, ಬಸ್ಸು ಬಂತು ಎಂದು ಎದ್ದು ಹೋದರು.

ಜವರಪ್ಪ